ಗಣೇಶನ ಹಬ್ಬದ ವಾರದ ಲೆಕ್ಕ

9 ಡಿಸೆಂಬರ್ 2024, ಸೋಮವಾರ
ದಾವಣಗೆರೆ

ಬೆಳಿಗ್ಗೆ ಆರಕ್ಕೇ ಅತ್ತೆ ಕಿಟಕಿ ಮುಚ್ಚಿದರು. "ಮಂಡಕ್ಕಿ ಭಟ್ಯಾಗೆ ಇವತ್ತು ಟೈರು ಹಾಕ್ಯಾರೆ ನೋಡು" ಅಂದರು. ಹೊಟ್ಟು, ಸೌದೆ ಉರಿದರೆ ಹೊಗೆ ಬೂದಿ ಬಣ್ಣ. ಹಳೇ ಟೈರು ಬಿದ್ದರೆ ಕಪ್ಪು. ಚಳಿಗಾಲದಲ್ಲಿ ಅದು ಮೇಲೂ ಏರಲ್ಲ, ಓಣಿಯಲ್ಲೇ ಕೂತಿರುತ್ತದೆ.

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ. ತಾಯಿ ಕಾರ್ಡ್ ಹಿಡಿದು ಸಾಲಿನಲ್ಲಿ ಕೂತೆ. ಪಕ್ಕದವಳಿಗೆ ಐದು ತಿಂಗಳು. ಮಂಡಕ್ಕಿ ಭಟ್ಟಿಯಲ್ಲೇ ಕೆಲಸವಂತೆ. ಗಂಡ ಬಿಸಿ ಮರಳಲ್ಲಿ ಅಕ್ಕಿ ಹುರಿಯುತ್ತಾನೆ, ಇವಳು ಜರಡಿ ಹಿಡಿಯುತ್ತಾಳೆ. "ಹೊಗೆ ವಿಷಯ ಡಾಕ್ಟರಿಗೆ ಹೇಳಿದೆಯಾ?" ಅಂದೆ. "ಹೇಳಿದ್ರೆ ಕೆಲಸ ಬಿಡು ಅಂತಾರೆ ಅಕ್ಕ. ಬಿಟ್ರೆ ಉಣ್ಣಾದೇನು?"

ನನ್ನ ಸರದಿ ಬಂದಾಗ ನೇರ ಕೇಳಿಬಿಟ್ಟೆ. ಹೊಗೆಯಿಂದ ಮಗುವಿಗೆ ಏನಾದರೂ ಊನ ಆಗುತ್ತಾ, ಹೌದಾ ಇಲ್ವಾ? ಡಾಕ್ಟರಮ್ಮ ನಕ್ಕರು. ಯಾವ ಹೊಗೆಯೂ ಇಲ್ಲದ ಊರಲ್ಲೂ ನೂರಕ್ಕೆ ಎರಡು ಮೂರು ಮಕ್ಕಳು ಏನಾದರೊಂದು ಊನದೊಂದಿಗೆ ಹುಟ್ಟುತ್ತವಂತೆ. ಹೃದಯದ ತೊಂದರೆ, ಸೀಳುತುಟಿಗೂ ಕೆಟ್ಟ ಗಾಳಿಗೂ ನಂಟಿದೆ ಅಂತ ಕೆಲವು ಅಧ್ಯಯನ ಹೇಳಿದರೆ, ಇಲ್ಲ ಅಂತ ಇನ್ನು ಕೆಲವು. ತೂಕ ಕಡಿಮೆಯಾಗೋದು, ದಿನ ತುಂಬದೆ ಹೆರಿಗೆಯಾಗೋದು, ಇವಕ್ಕೆ ಮಾತ್ರ ಪುರಾವೆ ಗಟ್ಟಿ ಇದೆಯಂತೆ. ಮುಂದಿನ ವಾರ ಅನಾಮಲಿ ಸ್ಕ್ಯಾನ್, ಅಂದರೆ ಮಗುವಿನ ಊನ ನೋಡುವ ಸ್ಕ್ಯಾನ್, ಬರೆದುಕೊಟ್ಟರು. ಅದರಲ್ಲೂ ಎಲ್ಲಾ ಕಾಣಲ್ಲ ಅಂತ ಮೊದಲೇ ಹೇಳಿದರು.

ನನ್ನ ತಲೆಯಲ್ಲಿ ಕೊರೆಯುತ್ತಿರೋದು ಬೇರೆ. ಮಗುವಿನ ಮೆದುಳು, ಬೆನ್ನುಹುರಿಯ ಕೊಳವೆ ಗರ್ಭ ನಿಂತ 28 ದಿನದೊಳಗೇ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚಲಿ ಅಂತ ಕೊಡೋ ಫೋಲಿಕ್ ಆಸಿಡ್ ಮಾತ್ರೆ ಅದಕ್ಕೂ ಮುಂಚೆಯೇ ಶುರು ಮಾಡಬೇಕಿತ್ತು. ನನಗೆ ಬಸುರಿ ಅಂತ ಗೊತ್ತಾಗಿದ್ದೇ ಏಳನೇ ವಾರದಲ್ಲಿ. ಆ ಕೊಳವೆ ಮುಚ್ಚಿದ ವಾರ ಲೆಕ್ಕ ಹಾಕಿದರೆ ಗಣೇಶನ ಹಬ್ಬದ ಆಸುಪಾಸು. ಹಿತ್ತಲಲ್ಲಿ ಕೂತು ಕಡುಬಿಗೆ ಕಾಯಿ ತುರಿದಿದ್ದು ನೆನಪಿದೆ. ಅವತ್ತು ಹೊಗೆ ಇತ್ತಾ? ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಅವ್ವ ಫೋನ್ ಮಾಡಿ ಜಗಳೂರಿಗೆ ಬಾ ಅಂದಳು. ಅಲ್ಲಿ ಬೋರ್ ನೀರಲ್ಲಿ ಫ್ಲೋರೈಡ್! ಆದರೂ ನೀರನ್ನಾದರೂ ಕ್ಯಾನಲ್ಲಿ ತರಿಸಬಹುದು ಅಲ್ವಾ? ಸಂಕ್ರಾಂತಿ ಹೊತ್ತಿಗೆ ಹೋಗೋದು ಅಂತಾಯಿತು. ಮಗು ತೂಕ ಕಟ್ಟೋ ತಿಂಗಳುಗಳು ಇನ್ನೂ ಮುಂದಿವೆ.

ಸಂಜೆ ಇವರು ಮಿರ್ಚಿ ಮಂಡಕ್ಕಿ ತಂದರು. ವಾರದಿಂದ ಬಯಕೆ ಅದೇ. ತಟ್ಟೆ ಪೂರ್ತಿ ಖಾಲಿ ಮಾಡಿದೆ. ಆಮೇಲೆ ಹೊಳೆಯಿತು, ಸಾಲಿನಲ್ಲಿದ್ದ ಆ ಹುಡುಗಿಯ ಹೆಸರೇ ಕೇಳಲಿಲ್ಲ.