ನನ್ನ ಮಣ್ಣು ಹೀಗೇ ಆಗಬೇಕು ಅಂತ ವಿಲ್‌ನಲ್ಲಿ ಬರೆಸಬಹುದಾ?

ಹಾಸನದಲ್ಲಿ ಪತ್ರ ಬರೆಯುವುದು ನನ್ನ ಕೆಲಸ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ವಿಲ್. ವಿಲ್ ಬರೆಸಲು ಬಂದ ಹಿರಿಯರು ಜಮೀನು, ಸೈಟು, ಒಡವೆ ಎಲ್ಲದರ ಮಾತು ಮುಗಿಸುತ್ತಾರೆ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಕೇಳುತ್ತಾರೆ. "ನನ್ನ ಮಣ್ಣು ಹೀಗೇ ಆಗಬೇಕು ಅಂತಾನೂ ಇದರಲ್ಲೇ ಒಂದು ಸಾಲು ಸೇರಿಸಬಹುದಾ?"

ಸೇರಿಸಬಹುದು. ಆದರೆ ಪ್ರಯೋಜನ ಕಡಿಮೆ.

ಮೊದಲನೇ ಕಾರಣ ಕಾನೂನಿನದಲ್ಲ, ಬೀರುವಿನದು. ವಿಲ್ ಇರುವುದು ಬೀರುವಿನೊಳಗೆ. ಅದನ್ನು ಹೊರಗೆ ತೆಗೆಯುವುದು ಹಾಲುತುಪ್ಪ ಆಗಿ, ಹನ್ನೊಂದರ ತಿಥಿ ಮುಗಿದು, ನೆಂಟರು ಬಸ್ಸು ಹತ್ತಿದ ಮೇಲೆ. ಅಷ್ಟೊತ್ತಿಗೆ ನಿಮ್ಮನ್ನು ಸುಟ್ಟೋ ಹೂತೋ ಆಗಿರುತ್ತದೆ. "ನನ್ನ ಕಣ್ಣು ದಾನ ಮಾಡಿ" ಅನ್ನೋ ಸಾಲನ್ನು ಹನ್ನೆರಡನೇ ದಿನ ಓದಿ ಏನು ಮಾಡೋದು?

ಎರಡನೇದು ಕಾನೂನು. ವಿಲ್ ಇರುವುದು ಆಸ್ತಿಗೆ. ಸತ್ತವರ ದೇಹ ಯಾರ ಆಸ್ತಿಯೂ ಅಲ್ಲ. ಹಾಗಾಗಿ ಎರಡು ಎಕರೆ ತೋಟವನ್ನು ಮಗಳಿಗೆ ಬರೆದ ಹಾಗೆ ದೇಹವನ್ನು ಬರೆಯಲು ಬರುವುದಿಲ್ಲ. ಬರೆದರೂ ಅದು ಕೋರಿಕೆ ಅಷ್ಟೆ. ಮನೆಯವರು ಪಾಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಂಗಾಂಗ ದಾನದ ವಿಷಯ ಸ್ವಲ್ಪ ಬೇರೆ. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಬದುಕಿದ್ದಾಗಲೇ ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಗೆ ಬರೆದಿಡಬಹುದು. ಆ ಸಾಕ್ಷಿಗಳಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿ ಆಗಿರಬೇಕು. ನನಗೆ ಈ ಷರತ್ತು ಬಹಳ ಇಷ್ಟ. ವಿಲ್‌ಗೆ ಸಾಕ್ಷಿ ಹಾಕಿಸುವಾಗ ಪಾಲು ಸಿಗುವವರನ್ನು ನಾವು ಬೇಕಂತಲೇ ದೂರ ಇಡುತ್ತೇವೆ. ಇಲ್ಲಿ ನೋಡಿದರೆ ಮನೆಯವರನ್ನು ಕರೆದು ಕೂರಿಸಿ ಅನ್ನುತ್ತದೆ ಕಾನೂನು. ಸರಿಯೇ ಅಲ್ವಾ? ಆಸ್ಪತ್ರೆಗೆ ಫೋನ್ ಮಾಡಬೇಕಾದವರು ಅವರೇ. ಬರೆದಿಟ್ಟಿದ್ದರೂ ಆ ಹೊತ್ತಿನಲ್ಲಿ ಮನೆಯವರು ಬೇಡ ಅಂದರೆ ಯಾವ ಡಾಕ್ಟರೂ ಜಗಳಕ್ಕೆ ನಿಲ್ಲುವುದಿಲ್ಲ.

ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡಾಗ ಮನೆಯವರು ಕಣ್ಣು ದಾನ ಮಾಡಿದರು. 2006ರಲ್ಲಿ ಅವರ ತಂದೆಯದೂ ದಾನ ಆಗಿತ್ತು. ಪುನೀತ್ ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಆಮೇಲಂತೂ ನನ್ನ ಹತ್ತಿರ ಬರುವವರಲ್ಲಿ ಕಣ್ಣಿನ ವಿಷಯ ಎತ್ತುವವರು ಜಾಸ್ತಿಯಾದರು. ಅವರಿಗೆಲ್ಲ ನಾನು ಹೇಳುವುದು ಇಷ್ಟು: ಆರು ಗಂಟೆಯೊಳಗೆ ಆಗಬೇಕು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯನ್ನು ದಿಂಬಿನ ಮೇಲೆ ಎತ್ತರಿಸಿ. ಕನ್ನಡಕ ಇದ್ದರೂ, ಪೊರೆ ಆಪರೇಷನ್ ಆಗಿದ್ದರೂ, ಸಕ್ಕರೆ ಕಾಯಿಲೆ ಇದ್ದರೂ ಕೊಡಬಹುದು. ಮುಖ ವಿಕಾರ ಆಗುವುದಿಲ್ಲ. ಇಡೀ ದೇಹವನ್ನೇ ಮೆಡಿಕಲ್ ಕಾಲೇಜಿಗೆ ಕೊಡುವುದಾದರೆ ಮೊದಲೇ ಅಲ್ಲಿನ ಅನಾಟಮಿ ವಿಭಾಗದಲ್ಲಿ ಫಾರಂ ತುಂಬಿಡಿ. ನಮಗೆ ಇಲ್ಲೇ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಹಿಮ್ಸ್ ಇದೆ. ಪೋಸ್ಟ್‌ಮಾರ್ಟಂ ಆದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ ಅನ್ನೋದೂ ಮನೆಯವರಿಗೆ ಗೊತ್ತಿರಲಿ. ಆಗ ಏನು ಮಾಡಬೇಕು ಅಂತ ಎರಡನೇ ಆಸೆಯನ್ನೂ ಹೇಳಿಡಿ.

ಹಾಗಾದರೆ ಎಲ್ಲಿ ಬರೆಯೋದು? ಒಂದು ಬೇರೆ ಹಾಳೆಯಲ್ಲಿ. ಛಾಪಾ ಕಾಗದ ಬೇಡ, ನಾನೂ ಬೇಡ. ನಿಮ್ಮ ಕೈಬರಹ, ತಾರೀಖು, ಸಹಿ. ಮೂರು ಜೆರಾಕ್ಸ್ ಮಾಡಿಸಿ ಒಂದನ್ನು ಮನೆಯಲ್ಲಿ ಜೊತೆಗಿರುವವರಿಗೆ ಕೊಡಿ, ಒಂದನ್ನು ದೂರದ ಮಕ್ಕಳಿಗೆ ವಾಟ್ಸಾಪ್ ಮಾಡಿ, ಇನ್ನೊಂದನ್ನು ಹೊರಗಿನವರೊಬ್ಬರಿಗೆ ಕೊಡಿ. ಪಕ್ಕದ ಮನೆಯವರೋ, ಹಳೇ ಸ್ನೇಹಿತರೋ, ಅಳು ಕಡಿಮೆ ಇದ್ದು ಓಡಾಟ ಜಾಸ್ತಿ ಮಾಡುವ ಒಬ್ಬರು.

ಈ ಹಾಳೆ ಮಕ್ಕಳಿಗೆ ಕೊಡುವ ಆರ್ಡರ್ ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಮಕ್ಕಳ ಕೈಗೆ ಕೊಡುವ ಗುರಾಣಿ. ಸಾವಿನ ಮನೆಯಲ್ಲಿ ಅಪ್ಪನ ಮಾತು ಮೀರುವವರು ಹೆಚ್ಚಾಗಿ ಮಕ್ಕಳಲ್ಲ. ದೊಡ್ಡಪ್ಪ, ಸೋದರತ್ತೆ, ಊರಿನ ಯಜಮಾನರು. "ಮಗಳು ಕೊಳ್ಳಿ ಇಡೋದಾ?" "ನಮ್ಮ ಕಡೆ ಸುಡೋದಿಲ್ಲ." "ಅಷ್ಟು ದೊಡ್ಡ ಮನುಷ್ಯನಿಗೆ ಇಷ್ಟೇನಾ ಊಟ?" ಅತ್ತು ಸುಸ್ತಾದ ಮಗ ಅವರ ಜೊತೆ ವಾದ ಮಾಡುತ್ತಾನಾ? ಮಾಡುವುದಿಲ್ಲ. "ಅಪ್ಪಾಜಿನೇ ಬರೆದಿಟ್ಟಿದ್ದಾರೆ, ನೋಡಿ ದೊಡ್ಡಪ್ಪ" ಅಂತ ಹಾಳೆ ತೋರಿಸಿದರೆ ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತದೆ.

ಗಿರೀಶ್ ಕಾರ್ನಾಡರು 2019ರ ಜೂನ್ 10ರಂದು ತೀರಿಕೊಂಡಾಗ ಸರ್ಕಾರಿ ಗೌರವ ಬೇಡ, ಮೆರವಣಿಗೆ ಬೇಡ, ವಿಧಿವಿಧಾನ ಬೇಡ ಅನ್ನುವುದು ಅವರ ಇಷ್ಟವಾಗಿತ್ತು. ಹಾಗೆಯೇ ಬೆಂಗಳೂರಿನ ಕಲ್ಪಳ್ಳಿ ಚಿತಾಗಾರದಲ್ಲಿ ಎಲ್ಲ ಮುಗಿಯಿತು. ಅಷ್ಟು ದೊಡ್ಡ ಹೆಸರಿನವರ ವಿಷಯದಲ್ಲಿ ಸರ್ಕಾರಕ್ಕೇ ಬೇಡ ಅನ್ನಬೇಕಾದರೆ ಮನೆಯವರಿಗೆ ಸತ್ತವರ ಮನಸ್ಸು ಚೆನ್ನಾಗಿ ಗೊತ್ತಿರಬೇಕು.

ಇನ್ನು ಸುಡುವುದೋ ಹೂಳುವುದೋ. ಇದರಲ್ಲಿ ಬರೀ ಇಷ್ಟ ಹೇಳಿದರೆ ಸಾಲದು, ಅದು ಹೇಗೆ ನಡೆಯುತ್ತೆ ಅಂತಲೂ ಯೋಚಿಸಿ. ಲಿಂಗಾಯತರ ಮನೆಯ ಹೆಣ್ಣುಮಗಳೊಬ್ಬರು ಗೌಡರ ಮನೆಗೆ ಸೊಸೆಯಾಗಿ ಬಂದವರು. ಗಂಡನ ಕಡೆ ಸುಡುವ ರೂಢಿ. ಅವರಿಗೆ ತವರಿನ ಹಾಗೆ ಕೂರಿಸಿ, ಅಂಗೈಲಿ ಲಿಂಗ ಇಟ್ಟು, ವಿಭೂತಿ ಹಾಕಿ ಮಣ್ಣು ಮಾಡಬೇಕು ಅಂತ ಆಸೆ. ಮಗ ಅಮೆರಿಕದಲ್ಲಿ. ಅವನು ಬರುವವರೆಗೆ ಕಾಯಬೇಕು ಅಂತಾನೂ ಆಸೆ. ನಾನು ಕೇಳಿದೆ, "ಅಮ್ಮಾ, ಎರಡೂ ಹೇಗೆ ಆಗುತ್ತೆ?" ಉಸಿರು ನಿಂತ ಕೆಲವೇ ಗಂಟೆಯಲ್ಲಿ ಮೈ ಸೆಟೆಯಲು ಶುರುವಾಗುತ್ತದೆ. ಕೂರಿಸುವುದಿದ್ದರೆ ಅದಕ್ಕೆ ಮೊದಲೇ ಕೂರಿಸಬೇಕು. ಬಾಡಿಗೆಗೆ ಬರುವ ಫ್ರೀಜರ್ ಬಾಕ್ಸ್ ಸಾಮಾನ್ಯವಾಗಿ ಮಲಗಿಸುವಂಥದ್ದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗ ವೀಡಿಯೋದಲ್ಲೇ ನೋಡಲಿ ಬಿಡಿ, ಕೂರಿಸಲಿ" ಅಂದರು. ಅದನ್ನೇ ಬರೆದರು. ಗುಂಡಿ ತೆಗೆಸಲು, ಅಯ್ಯನವರನ್ನು ಕರೆಸಲು ತವರಿನ ತಮ್ಮನ ಫೋನ್ ನಂಬರನ್ನೂ ಹಾಕಿದರು. ಗಂಡನ ಮನೆಯವರಿಗೆ ಆ ಕ್ರಮ ಗೊತ್ತಿಲ್ಲ, ಅವರು ತಾನೇ ಯಾರನ್ನು ಕೇಳಬೇಕು?

ಸಕಲೇಶಪುರದ ಕಡೆಯವರು ತೋಟದಲ್ಲೇ ಮಣ್ಣು ಮಾಡಿ ಅನ್ನುತ್ತಾರೆ. ನಾಳೆ ಮಕ್ಕಳು ಆ ತೋಟ ಮಾರಿದರೆ? ಸಮಾಧಿ ಇರುವ ಜಾಗಕ್ಕೆ ಬೆಲೆ ಮಾತಾಡುವಾಗ ಆಗುವ ತಕರಾರು ನನಗೆ ಗೊತ್ತು. ತೋಟವೇ ಬೇಕು ಅಂದರೆ ಒಂದು ಮೂಲೆ ತೋರಿಸಿ, ಅಣ್ಣತಮ್ಮಂದಿರು ಪಾಲಾಗುವಾಗ ಆ ಗುಂಟೆಯನ್ನೂ ದಾರಿಯನ್ನೂ ವಿಭಾಗಪತ್ರದಲ್ಲಿ ಬೇರೆಯಾಗಿ ನಮೂದಿಸಿ. ಸುಡುವುದು ಬೇಕು ಅನ್ನುವವರು ಜುಲೈ ತಿಂಗಳ ಮಳೆಯನ್ನೂ ನೆನಪಿಟ್ಟುಕೊಳ್ಳಿ. ಒಣ ಸೌದೆ ಸಿಗದಿದ್ದರೆ ಹೂಳಬಹುದು ಅಂತ ಒಂದು ಮಾತು ಇರಲಿ.

ತಿಥಿಯ ವಿಷಯಕ್ಕೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ನಿಮ್ಮ ದೇಹದ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ. ಹನ್ನೊಂದನೇ ದಿನವನ್ನು ಇರುವವರಿಗೆ ಬಿಡಿ. ಎಡೆ ಇಡೋದು, ಅಸ್ಥಿಯನ್ನು ರಾಮನಾಥಪುರದಲ್ಲಿ ಕಾವೇರಿಗೆ ಬಿಡೋದೋ ಪಶ್ಚಿಮವಾಹಿನಿಗೆ ಒಯ್ಯೋದೋ, ಇದೆಲ್ಲ ಅವರ ಸಮಾಧಾನಕ್ಕೆ. ನಿಮಗೆ ದೇವರಲ್ಲಿ ನಂಬಿಕೆ ಇಲ್ಲದಿರಬಹುದು, ನಿಮ್ಮ ಹೆಂಡತಿಗೆ ಇದೆ. ಗುಂಡಿ ತೆಗೆದವರಿಗೆ, ಚಟ್ಟ ಕಟ್ಟಿದವರಿಗೆ ಒಂದು ಊಟ ಹಾಕದೆ ಅವರು ಊರಲ್ಲಿ ತಲೆ ಎತ್ತಿ ಓಡಾಡೋದು ಹೇಗೆ? ಆದರೆ ಒಂದು ಸಾಲನ್ನು ಮಾತ್ರ ಎಲ್ಲರ ಕೈಲೂ ಬರೆಸುತ್ತೇನೆ: "ಸಾಲ ಮಾಡಿ ತಿಥಿ ಮಾಡಬೇಡಿ." ತಿಥಿ ಸಾಲ ತೀರಿಸಲು ಜಮೀನು ಮಾರುವ ಕ್ರಯಪತ್ರ ಬರೆಯುವುದೂ ನಾನೇ ಅಲ್ವಾ.

ಎಲ್ಲಕ್ಕಿಂತ ಕಷ್ಟದ್ದು ಮನೆಯಲ್ಲಿ ಬಾಯಿ ಬಿಡೋದು. ಶುರು ಮಾಡಿದ ಕೂಡಲೇ "ಬಿಡ್ತು ಅನ್ನಿ ಅಪ್ಪಾಜಿ, ಸಂಜೆ ಹೊತ್ತಲ್ಲಿ ಏನು ಮಾತು ಅದು" ಅನ್ನುತ್ತಾರೆ. ಬಿಡ್ತು ಅಂದುಬಿಡಿ. ಆಮೇಲೆ ಮುಂದುವರಿಸಿ. ಬೇರೆಯವರ ಮಣ್ಣು ಮುಗಿಸಿ ಕಾರಿನಲ್ಲಿ ವಾಪಸ್ ಬರುವ ಹೊತ್ತು ಒಳ್ಳೆಯದು. "ಅಲ್ಲಿ ಹೂವಿನ ಹಾರ ಅಷ್ಟೊಂದು ಬೇಕಿತ್ತಾ?" ಅಂತ ಶುರು ಮಾಡಿದರೆ ಮಕ್ಕಳೇ ಮಾತು ಬೆಳೆಸುತ್ತಾರೆ.

"ನಿಮ್ದು ಬರೆದಿಟ್ಟಿದ್ದೀರಾ?" ಅಂತಾನೂ ಕೇಳುತ್ತಾರೆ. ಬರೆದಿದ್ದೇನೆ. ಕಣ್ಣು ಕೊಡಿ, ಯಾರಿಗೂ ಕಾಯಬೇಡಿ, ಮಗಳೇ ಕೊಳ್ಳಿ ಇಡಲಿ. ದೇಹದಾನ ಅಂತಲೂ ಬರೆದಿದ್ದೆ. ನಮ್ಮ ಮನೆಯವರು ಓದಿ, "ಕಣ್ಣು ಕೊಡ್ತೀನಿ, ಮಿಕ್ಕಿದ್ದು ಕೊಡಲ್ಲ" ಅಂದರು. ಹಿಮ್ಸ್ ಫಾರಂನಲ್ಲಿ ಅವರ ಸಹಿಯ ಜಾಗ ಇನ್ನೂ ಖಾಲಿ ಇದೆ. ಮಾತುಕತೆ ನಡೀತಿದೆ.