ಹುಬ್ಬಳ್ಳಿಯ ಅಯ್ಯಪ್ಪ ಗುಡಿಯಲ್ಲಿ ಪಂಚಾರಿ ಮೇಳ

ಚೆಂಡೆ ನನಗೆ ಹೊಸದೇನಲ್ಲ. ನಮ್ಮ ರಾಣೆಬೆನ್ನೂರಿನ ಮೆರವಣಿಗೆಗಳಲ್ಲೂ ಈಗೀಗ ಬಾಡಿಗೆಯ ಚೆಂಡೆ ತಂಡಗಳು ಬರುತ್ತವೆ. ಡಿಜೆ ಜೊತೆ ಪೈಪೋಟಿಗೆ ನಿಂತು ಹತ್ತು ನಿಮಿಷ ಬಾರಿಸಿ ಮುಂದೆ ಹೋಗುತ್ತವೆ. ಹೆಂಡತಿಯ ಆಫೀಸಿನ ಮಲಯಾಳಿ ಗೆಳತಿ "ಹುಬ್ಬಳ್ಳಿಗೆ ಬನ್ನಿ, ಅಯ್ಯಪ್ಪ ಗುಡಿಯಲ್ಲಿ ಮಂಡಲ ಪೂಜೆ ಇದೆ, ಕೇರಳದಿಂದ ಚೆಂಡೆ ಮೇಳ ಬರ್ತಿದೆ" ಎಂದು ಕರೆದಾಗ ನಾನು ಒಪ್ಪಿದ್ದು ಸಾವಜಿ ಮಾಂಸದೂಟದ ಆಸೆಗೆ. ಗುಡಿಗೆ ಹೋಗೋ ದಿನ ಅದೆಲ್ಲ ಇಲ್ಲ ಎಂದು ಹೆಂಡತಿ ರೈಲಿನಲ್ಲೇ ಹೇಳಿಬಿಟ್ಟಳು.

ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ನಡೆದದ್ದೇ ನಡೆದದ್ದು. ಅಲ್ಲಿನ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಹೆಮ್ಮೆ ಪಡಬಹುದು, ಆದರೆ ಎರಡು ಬ್ಯಾಗ್ ಹೊತ್ತಾಗ ಅಲ್ಲ. ಸ್ಟೇಷನ್ ಹತ್ತಿರವೇ ಒಂದು ಲಾಡ್ಜ್ ಹಿಡಿದೆವು. ಆ ಲಾಡ್ಜಿನ ಕಥೆ ಆಮೇಲೆ.

ಮಂಡಲ ಕಾಲ ಎಂದರೆ ನವೆಂಬರ್ ಮಧ್ಯದಿಂದ 41 ದಿನ. ಡಿಸೆಂಬರ್ ಕೊನೆಯ ವಾರದಲ್ಲಿ ಮುಗಿಯುತ್ತದೆ. ನಮ್ಮ ಕಡೆ ಈ ದಿನಗಳೆಂದರೆ ಕಪ್ಪು ಪಂಚೆಯ ಮಾಲಾಧಾರಿಗಳು, ಶರಣು ಘೋಷ, ರಾತ್ರಿಯಿಡೀ ಭಜನೆ, ಮೈಕು. ಈ ಗುಡಿಯಲ್ಲಿ ಮಾಲಾಧಾರಿಗಳು ಒಂದು ಬದಿಗಿದ್ದರು. ಮೊದಲು ಕಣ್ಣಿಗೆ ಬಿದ್ದವರು ಜರಿ ಅಂಚಿನ ಕೆನೆಬಣ್ಣದ ಸೀರೆ ಉಟ್ಟ ಹೆಣ್ಣುಮಕ್ಕಳು. ಒಬ್ಬೊಬ್ಬರ ಕೈಯಲ್ಲೂ ಒಂದು ತಟ್ಟೆ. ಅದರಲ್ಲಿ ಅಕ್ಕಿ, ಹೂವು, ತೆಂಗಿನ ಹೋಳಿನೊಳಗೆ ಹಚ್ಚಿಟ್ಟ ದೀಪ. ತಾಲಪ್ಪೊಲಿ ಅಂತಾರೆ. ಗದ್ದಲವಿಲ್ಲ, ನೂಕಾಟವಿಲ್ಲ. ಸಾಲು ಹಿಡಿದು ನಿಂತಿದ್ದರು, ಅಷ್ಟೇ.

ಮೇಳ ಶುರುವಾಯಿತು. ಶುರುವಾಯಿತು ಅನ್ನುವುದಕ್ಕೂ ನನಗೆ ಅನುಮಾನ. ಚೆಂಡೆ ಹಿಡಿದವರು ಬರಿಮೈಯಲ್ಲಿ ಸಾಲಾಗಿ ನಿಂತಿದ್ದರು. ಅವರ ಬೆನ್ನ ಹಿಂದೆ ತಾಳದವರು. ಎದುರಿಗೆ ಕೊಂಬು ಊದುವವರು, ಮತ್ತೆ ನಮ್ಮ ಸನಾದಿಯ ತಮ್ಮನಂಥ ಕುಳಲ್ ಹಿಡಿದವರು. ಇಷ್ಟೆಲ್ಲ ಜನ ಸೇರಿ ಬಾರಿಸಿದ್ದು ಮಾತ್ರ ಬಿಟ್ಟು ಬಿಟ್ಟು ಒಂದೊಂದು ಪೆಟ್ಟು. ಐದು ನಿಮಿಷ ಹೋಯಿತು, ಹತ್ತಾಯಿತು, ಅದೇ ನಡಿಗೆ. ಜಗ್ಗಲಗಿಯ ಊರಿದು. ಹೋಳಿಯಲ್ಲಿ ಎತ್ತಿನ ಗಾಡಿಯ ಚಕ್ರದಷ್ಟು ದೊಡ್ಡ ವಾದ್ಯಕ್ಕೆ ಮೊದಲ ಪೆಟ್ಟು ಬಿದ್ದರೆ ಎದೆ ನಡುಗುತ್ತದೆ. ಅದನ್ನು ಕೇಳಿದ ಕಿವಿಗೆ ಇದು ಸಪ್ಪೆ ಅನಿಸಿತು. ನಾನು ಫೋನ್ ತೆಗೆದೆ.

ಪಕ್ಕದಲ್ಲಿದ್ದ ಹಿರಿಯರು ನನ್ನ ಫೋನು ನೋಡಿದರು. ಬಿಳಿ ಮುಂಡು, ಹಣೆಗೆ ಗಂಧ.

"ಗಡಬಡಿ ಮಾಡಬ್ಯಾಡ್ರಿ. ಇನ್ನೂ ಒಂದನೇ ಕಾಲಾನ ಮುಗಿದಿಲ್ಲ."

ಆ ವೇಷಕ್ಕೆ ಈ ಮಾತು! ನೀವು ಕೇರಳದವರಲ್ವಾ ಎಂದೆ.

"ನಮ್ಮಪ್ಪ ಕೇರಳದವ್ರು. ಇಲ್ಲೆ ರೈಲ್ವೆ ವರ್ಕ್‌ಶಾಪಿಗೆ ಬಂದ್ರು. ನಾ ಹುಟ್ಟಿದ್ದು, ರಿಟೈರ್ ಆಗಿದ್ದು ಎಲ್ಲಾ ಗದಗ ರೋಡಿನಾಗ. ನಾ ಪಕ್ಕಾ ಹುಬ್ಳಿಯಾಂವ."

ಅವರು ಎಡಗೈ ಬೆರಳು ಮಡಚುತ್ತಾ ಲೆಕ್ಕ ಹೇಳಿಕೊಟ್ಟರು. ಇದು ಪಂಚಾರಿ, ಆರರ ಲೆಕ್ಕದ್ದು. ಐದು ಕಾಲ, ಅಂದರೆ ವೇಗದ ಐದು ಹಂತ. ಒಂದನೇ ಕಾಲದಲ್ಲಿ ತಾಳದ ಒಂದು ಸುತ್ತಿಗೆ 96 ಅಕ್ಷರ, ಅಂದರೆ 96 ಎಣಿಕೆ. ಎರಡನೆಯದಕ್ಕೆ 48. ಆಮೇಲೆ 24, 12, ಕೊನೆಗೆ 6. ಪ್ರತಿ ಸಲ ಸುತ್ತು ಅರ್ಧಕ್ಕೆ ಇಳಿಯುತ್ತದೆ, ವೇಗ ಏರುತ್ತದೆ.

"ಕಾಕಾ, ತ್ರಿಶೂರಿನ ಪೂರಂ ಉತ್ಸವದಲ್ಲಿ ಬಾರಿಸೋದೂ ಇದೇನಾ?"

"ಅಲ್ಲಿಂದು ಇಲಂಜಿತ್ತರ ಮೇಳ, ಅದು ಪಾಂಡಿ ರೀ. ಅದು ಏಳರದ್ದು. ಇದು ಬ್ಯಾರೆ. ಕೇರಳದಾಗ ಪಂಚಾರಿ ಪೂರ್ತಿ ಬಾರಿಸಿದ್ರ ಮೂರು ತಾಸು ದಾಟತೈತಿ. ಇಲ್ಲೆ ಜನಕ್ಕ ಟೈಮ್ ಎಲ್ಲೈತಿ? ಮೊದಲಿನ ಕಾಲ ಕಡಿಮಿ ಮಾಡ್ಯಾರ."

ಕಡಿಮೆ ಮಾಡಿದ್ದೇ ಇಷ್ಟಾದರೆ!

ಮುಂದಿನ ಸಾಲಿನ ಚೆಂಡೆಗಳೇ ಉರುಳಿಕೆಯ ಕೈ ತೋರಿಸುವುದು, ಹಿಂದಿನವು ಚೆಂಡೆಯ ಇನ್ನೊಂದು ಮುಖದಲ್ಲಿ ದಪ್ಪ ದನಿಯ ಲೆಕ್ಕ ಹಿಡಿಯುವುದು ಎಂದರು. "ಎಲ್ಲಾರೂ ಮುಂದಿನವರನ್ನ ನೋಡ್ತಾರ. ನೀವು ಹಿಂದಿನ ತಾಳದವರ ಕಡೆ ಕಿವಿ ಇಡ್ರಿ." ಹಾಗೇ ಮಾಡಿದೆ. ಆಗ ಸುತ್ತು ಎಲ್ಲಿ ತುಂಬುತ್ತದೆ ಅನ್ನುವುದು ಅಂದಾಜಿಗೆ ಸಿಗತೊಡಗಿತು. ಸುತ್ತು ತುಂಬುವ ಹೊತ್ತಿಗೆ ಸರಿಯಾಗಿ ಕೊಂಬುಗಳು ಮೇಲೇಳುತ್ತಿದ್ದವು. ಕಾಕಾ ಕೈ ಎತ್ತುತ್ತಿದ್ದರು. ಸುತ್ತ ನೋಡಿದರೆ ಎಷ್ಟೋ ಕೈಗಳು ಅದೇ ಕ್ಷಣಕ್ಕೆ ಮೇಲೇಳುತ್ತಿದ್ದವು. ಯಾರೂ ಹೇಳಿಕೊಟ್ಟಿಲ್ಲ, ಸನ್ನೆ ಇಲ್ಲ.

ಮೂರನೇ ಕಾಲಕ್ಕೆ ಫೋನ್ ಜೇಬಿಗೆ ಹೋಯಿತು. ನಾಲ್ಕನೆಯದಕ್ಕೆ ನನ್ನ ಕೈಯೂ ಮೇಲಿತ್ತು, ಒಮ್ಮೊಮ್ಮೆ ಅರ್ಧ ಪೆಟ್ಟು ತಡವಾಗಿ. ಐದನೆಯದರ ಬಗ್ಗೆ ಏನು ಬರೆಯಲಿ? ಬಿಟ್ಟು ಬಿಟ್ಟು ಬೀಳುತ್ತಿದ್ದ ಆ ಒಂದೊಂದೇ ಪೆಟ್ಟು ಈಗ ಜಾಗವೇ ಇಲ್ಲದಂತೆ ತುಂಬಿಕೊಂಡಿತ್ತು. ಮುಂದಿನ ಸಾಲಿನ ಹುಡುಗನೊಬ್ಬನ ಬೆವರು ಚೆಂಡೆಯ ಹಗ್ಗಕ್ಕೆ ಇಳಿಯುತ್ತಿತ್ತು. ಆದರೂ ಅವನು ನಗುತ್ತಿದ್ದ. ಮೊದಲಿಗೇ ಜೋರು ಬಾರಿಸಿದ್ದರೆ ಈ ಹೊತ್ತಿಗೆ ಕಿವಿ ದಣಿದಿರುತ್ತಿತ್ತು. ನಮ್ಮೂರ ಬಾಡಿಗೆ ತಂಡದವರಿಗೆ ಇದು ಗೊತ್ತಿಲ್ಲ ಅಂತಲ್ಲ, ನಾವು ಅವರಿಗೆ ಕೊಡುವುದೇ ಹತ್ತು ನಿಮಿಷ.

ಊಟದ ವಿಚಾರದಲ್ಲಿ ಮಾತ್ರ ನನ್ನ ನಾಲಿಗೆ ರಾಣೆಬೆನ್ನೂರು ಬಿಡಲಿಲ್ಲ. ಕುಚ್ಚಲಕ್ಕಿ ಅನ್ನ ನನಗಾಗದು, ದಪ್ಪ ದಪ್ಪ ಕಾಳು. ಅವಿಯಲ್ ಚೆನ್ನಾಗಿತ್ತು, ಮೇಲೆ ಹಸಿ ಕೊಬ್ಬರಿ ಎಣ್ಣೆ ಸುರಿಯದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಶೇಂಗಾ ಎಣ್ಣೆಯ ಜನ ನಾವು. ಅರವಣ ಪಾಯಸವನ್ನು ಮಾತ್ರ ಎರಡು ಸಲ ಹಾಕಿಸಿಕೊಂಡೆ. ಅಕ್ಕಿ, ಬೆಲ್ಲ, ತುಪ್ಪ, ಅಷ್ಟೇ. ನಮ್ಮ ಗೋಧಿ ಹುಗ್ಗಿಗಿಂತ ಒಂದು ಕೈ ಮೇಲು ಅಂದದ್ದಕ್ಕೆ ಹೆಂಡತಿ ಇನ್ನೂ ಮುನಿಸಿಕೊಂಡಿದ್ದಾಳೆ.

ಇನ್ನು ಲಾಡ್ಜ್. ನಾವು ಮರಳಿದಾಗ ರಾತ್ರಿ ಹನ್ನೊಂದು ದಾಟಿತ್ತು. ಶಟರ್ ಎಳೆದು ಬೀಗ! ಫೋನ್ ಮಾಡಿದರೆ ಒಳಗೆ ರಿಂಗ್ ಆಗುವುದು ಹೊರಗೆ ನಮಗೇ ಕೇಳಿಸುತ್ತಿತ್ತು, ಎತ್ತುವವರಿಲ್ಲ. ಡಿಸೆಂಬರ್ ಚಳಿಯಲ್ಲಿ ಮುಕ್ಕಾಲು ತಾಸು ಶಟರ್ ಬಡಿದೆವು. ಕೊನೆಗೆ ಎದ್ದು ಬಂದ ಹುಡುಗ "ಹತ್ತೂವರಿಗೆ ಬಂದ್ ರೀ, ಬೋರ್ಡ್ ಐತಲ್ಲ" ಎಂದ. ಬೋರ್ಡು ಇತ್ತು, ಶಟರಿನ ಒಳಗಡೆ. ಜಾತ್ರೆ, ಉತ್ಸವ ಅಂತ ಹೋಗುವವರು ರೂಮಿನ ಬಾಡಿಗೆ ಕೇಳುವ ಮೊದಲು ಬಾಗಿಲು ಎಷ್ಟಕ್ಕೆ ಹಾಕುತ್ತೀರಿ ಎಂದು ಕೇಳಿ. ರಾತ್ರಿ ಇರುವವರ ನಂಬರೂ ಬರೆದುಕೊಳ್ಳಿ.

ಮರುದಿನ ಉಣಕಲ್ ಕೆರೆ, ಚಂದ್ರಮೌಳೇಶ್ವರ ಗುಡಿ, ಧಾರವಾಡದ ಪೇಡೆ ಎಲ್ಲ ಆಯಿತು. ಅದನ್ನೆಲ್ಲ ಬಹಳ ಜನ ಬರೆದಿದ್ದಾರೆ.

ಮೇಳ ಕೇಳಲು ಹೋಗುವವರಿಗೆ ಕಾಕಾ ಹೇಳಿದ ಮಾತು ಎರಡಿವೆ. ಮೊದಲನೇ ಕಾಲಕ್ಕೇ ಹೋಗಬೇಕು, ಕೊಂಬಿನ ಬಾಯಿಗೆ ಎದುರು ನಿಲ್ಲಬಾರದು. ಎರಡನೆಯದನ್ನು ಅವರು ನನಗೆ ಹೇಳಿದ್ದು ಮೇಳ ಮುಗಿದ ಮೇಲೆ.