ಕೆಲಸದ ಪತ್ರಕ್ಕಿಂತ ಮೊದಲು ನಾಯಿಯ ಚಿಪ್

ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಮನೆಗಳಲ್ಲಿ ಮಗನಿಗೋ ಮಗಳಿಗೋ ಜರ್ಮನಿಯಲ್ಲಿ ಕೆಲಸ ಸಿಕ್ಕಿತೆಂದರೆ ಮೊದಲು ವೀಸಾದ ಓಡಾಟ, ಆಮೇಲೆ ಟಿಕೆಟ್ಟು, ಆಮೇಲೆ ಅಪ್ಪೆಮಿಡಿ ಉಪ್ಪಿನಕಾಯಿಯ ಪ್ಯಾಕಿಂಗು. ಜಗಲಿಯಲ್ಲಿ ಮಲಗಿದ ನಾಯಿಯ ಮಾತು ಬರುವುದು ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಲೆಕ್ಕ ತಪ್ಪಿರುತ್ತದೆ. ಕೆಲಸಕ್ಕೆ ಸೇರಲು ಸಾಮಾನ್ಯವಾಗಿ ಸಿಗುವ ಗಡುವು ಎರಡು ತಿಂಗಳು, ಹೆಚ್ಚೆಂದರೆ ಮೂರು. ನಾಯಿಗೆ ಕಡಿಮೆಯೆಂದರೂ ನಾಲ್ಕು ತಿಂಗಳು ಬೇಕು; ಆರು ಇಟ್ಟುಕೊಂಡರೆ ನೆಮ್ಮದಿ.

ಈ ನಾಲ್ಕು ತಿಂಗಳು ಬಂದದ್ದು ರೇಬಿಸ್‌ನಿಂದ. ರೇಬಿಸ್ ಹತೋಟಿಯಲ್ಲಿದೆ ಎಂದು ಐರೋಪ್ಯ ಒಕ್ಕೂಟ ಒಪ್ಪಿಕೊಂಡ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಹಾಗಾಗಿ ಲಸಿಕೆ ಹಾಕಿಸಿದ ಪುಸ್ತಕ ತೋರಿಸಿದರೆ ಸಾಲದು, ಆ ಲಸಿಕೆ ರಕ್ತದಲ್ಲಿ ಕೆಲಸ ಮಾಡಿದೆ ಎಂದೂ ತೋರಿಸಬೇಕು. ಮೊದಲು ನಾಯಿಯ ಗುರುತಿನ ಸಂಖ್ಯೆ ಇರುವ ಮೈಕ್ರೋಚಿಪ್, ಅದೇ ದಿನ ಅಥವಾ ಆಮೇಲೆ ರೇಬಿಸ್ ಲಸಿಕೆ, ಲಸಿಕೆಯಾಗಿ 30 ದಿನವಾದರೂ ಕಳೆದ ಮೇಲೆ ರಕ್ತ, ರಕ್ತ ತೆಗೆದ ದಿನದಿಂದ ಮೂರು ತಿಂಗಳ ಕಾಯುವಿಕೆ. ಈ ಸಾಲಿನಲ್ಲಿ ಒಂದನ್ನೂ ಹಿಂದುಮುಂದು ಮಾಡುವ ಹಾಗಿಲ್ಲ.

ನಮ್ಮ ಕಡೆ ಹೆಚ್ಚಾಗಿ ಎಡವುವುದು ಮೊದಲ ಮೆಟ್ಟಿಲಲ್ಲೇ. ಪಶು ಆಸ್ಪತ್ರೆಯ ಶಿಬಿರದಲ್ಲಿ ವರ್ಷ ವರ್ಷವೂ ರೇಬಿಸ್ ಲಸಿಕೆ ಹಾಕಿಸಿರುತ್ತಾರೆ, ಚಿಪ್ ಇರುವುದಿಲ್ಲ. ಚಿಪ್ ಇಲ್ಲದೆ ಹಾಕಿದ ಲಸಿಕೆ ನಾಯಿಯನ್ನು ಕಾಪಾಡುತ್ತದೆ, ಆದರೆ ಕಾಗದದಲ್ಲಿ ಅದು ಲೆಕ್ಕಕ್ಕಿಲ್ಲ. ಯಾವ ನಾಯಿಗೆ ಹಾಕಿದ್ದೆಂದು ಹೇಳುವ ಗುರುತು ಇಲ್ಲವಲ್ಲ. ಚಿಪ್ ಹಾಕಿಸಿ ಮತ್ತೆ ಲಸಿಕೆ ಕೊಡಿಸಲೇಬೇಕು. ಅಕ್ಕಿಕಾಳಿನಷ್ಟಿರುವ ಈ ಚಿಪ್ಪನ್ನು ದಪ್ಪ ಸೂಜಿಯಿಂದ ಹೆಗಲುಗಳ ನಡುವೆ ಚರ್ಮದಡಿ ಇಳಿಸುತ್ತಾರೆ. ಅದು ಐಎಸ್‌ಒ 11784 ಮತ್ತು 11785 ಎಂಬ ಅಂತರರಾಷ್ಟ್ರೀಯ ಮಾನದಂಡಗಳಿಗೆ ಸರಿಹೊಂದುವ, 15 ಅಂಕಿಗಳ ಚಿಪ್ ಆಗಿರಬೇಕು. ವೈದ್ಯರ ಬಳಿ ಚಿಪ್ ಮಾತ್ರವಲ್ಲ, ಓದುವ ಯಂತ್ರವೂ ಇದೆಯೇ ಎಂದು ಹೋಗುವ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಹಾಕಿದ ಕೂಡಲೇ ಓದಿಸಿ, ಪುಸ್ತಕದಲ್ಲಿ ಬರೆದ 15 ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿ. ಲಸಿಕೆ ಬಾಟಲಿಯ ಸ್ಟಿಕ್ಕರ್, ಬ್ಯಾಚ್ ನಂಬರು, ತಾರೀಖು, ವೈದ್ಯರ ಸಹಿ, ಮೊಹರು ಎಲ್ಲವೂ ಒಂದೇ ಪುಟದಲ್ಲಿದ್ದರೆ ಮುಂದೆ ವಾದ ಇರುವುದಿಲ್ಲ.

ರಕ್ತಪರೀಕ್ಷೆಯಲ್ಲಿ ರೇಬಿಸ್ ತಡೆಯುವ ಪ್ರತಿಕಾಯ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪಾಸು. ಮೊದಲ ಸಲ ಲಸಿಕೆ ಪಡೆದ ಎಳೆಯ ನಾಯಿ ಇಲ್ಲಿ ಬೀಳುವುದುಂಟು, ಏಕೆಂದರೆ ಒಂದೇ ಡೋಸಿನಿಂದ ಏರಿದ ಪ್ರತಿಕಾಯ ಬೇಗ ಇಳಿಯುತ್ತದೆ. ಮೂರು ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಕೊಡಿಸಿ, ಎರಡನೆಯ ಡೋಸ್ ಹಾಕಿಸಿ 30 ದಿನ ದಾಟಿದ ಮೇಲೆ ರಕ್ತ ಕೊಡುವುದು ಜಾಣತನ. ಪರೀಕ್ಷೆಯಲ್ಲಿ ಬೀಳಲು ಇನ್ನೊಂದು ಕಾರಣ ಫ್ರಿಜ್ಜು. ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟು ಹೋದರೆ ಯಾವಾಗ ಬಂದೀತೆಂದು ಹೇಳುವವರಾರು? ಇನ್ವರ್ಟರ್ ಇರುವ ಕ್ಲಿನಿಕ್ಕನ್ನೇ ಹುಡುಕಿ. ರಕ್ತವನ್ನು ಹಾಗೇ ಕಳಿಸದೆ ಸೀರಮ್, ಅಂದರೆ ರಕ್ತದ ತಿಳಿ ಭಾಗ, ಬೇರೆ ಮಾಡಿಸಿ, ಐಸ್ ಜೆಲ್ ಜೊತೆ ಕಳಿಸಬೇಕು. ದಾರಿಯಲ್ಲಿ ರಕ್ತಕಣ ಒಡೆದ ಮಾದರಿ ಪರೀಕ್ಷೆಗೆ ಬಾರದು. ಪರೀಕ್ಷೆ ಮಾಡುವ ಪ್ರಯೋಗಾಲಯ ಒಕ್ಕೂಟ ಮಾನ್ಯ ಮಾಡಿದ ಪಟ್ಟಿಯಲ್ಲಿರಲೇಬೇಕು. ಒಮ್ಮೆ ಪಾಸಾದರೆ, ಮುಂದಿನ ಬೂಸ್ಟರ್ ತಾರೀಖು ತಪ್ಪದ ತನಕ ಆ ವರದಿ ನಡೆಯುತ್ತದೆ. ಒಂದು ದಿನ ತಡವಾದರೂ ಮತ್ತೆ ಲಸಿಕೆ, ಮತ್ತೆ ರಕ್ತ, ಮತ್ತೆ ಮೂರು ತಿಂಗಳು.

ಹೊರಗೆ ಹೋಗುವ ಯೋಚನೆ ಮನಸ್ಸಿನಲ್ಲಿ ಇದ್ದರೆ ಸಾಕು, ಸಂದರ್ಶನಕ್ಕೂ ಮೊದಲೇ ಚಿಪ್, ಲಸಿಕೆ, ರಕ್ತಪರೀಕ್ಷೆ ಮುಗಿಸಿಡಿ ಎನ್ನುವುದು ಇದಕ್ಕೇ. ಕೆಲಸ ಸಿಗದಿದ್ದರೂ ನಷ್ಟ ದೊಡ್ಡದಲ್ಲ, ಲಸಿಕೆ ಹೇಗೂ ಬೇಕಿತ್ತು.

ಮಲೆನಾಡಿನ ನಾಯಿಗೆ ಇನ್ನೊಂದು ತೊಡಕು ಉಣುಗು. ತೋಟ, ಸೊಪ್ಪಿನ ಬೆಟ್ಟ, ದರಕಿನ ರಾಶಿ ಸುತ್ತಿ ಬರುವ ನಾಯಿಯ ಕಿವಿಯೊಳಗೆ, ಬೆರಳ ಸಂದಿನಲ್ಲಿ ಅದು ಇದ್ದೇ ಇರುತ್ತದೆ. ಹೊರಡುವ ಮುನ್ನ ನಡೆಯುವ ತಪಾಸಣೆಯ ಮೇಜಿನ ಮೇಲೆ ಉಣುಗು ಕಂಡರೆ ಆರೋಗ್ಯ ಪ್ರಮಾಣಪತ್ರಕ್ಕೆ ಕಲ್ಲು ಬಿದ್ದಂತೆ. ಅದಕ್ಕಿಂತ ಮುಖ್ಯವಾದದ್ದು ಅದು ತರುವ ಜ್ವರ, ಬೇಬೀಸಿಯಾ ಮತ್ತು ಎರ್ಲಿಕಿಯಾ. ಎರಡು ತಿಂಗಳು ಮುಂಚೆಯೇ ರಕ್ತದಲ್ಲಿ ಇವನ್ನು ನೋಡಿಸಿ. ಎರ್ಲಿಕಿಯಾಕ್ಕೆ ಔಷಧಿಯೇ ಸುಮಾರು ನಾಲ್ಕು ವಾರ ಹಿಡಿಯುತ್ತದೆ.

ಇನ್ನು ವಿಮಾನದಲ್ಲಿ ನಾಯಿಯನ್ನು ಒಯ್ಯುವ ಪೆಟ್ಟಿಗೆ, ಅಂದರೆ ಕ್ರೇಟ್. ನಾಯಿಯನ್ನು ನಿಲ್ಲಿಸಿ ನಾಲ್ಕು ಅಳತೆ ತೆಗೆಯಿರಿ: ಮೂಗಿನಿಂದ ಬಾಲದ ಬುಡ, ನೆಲದಿಂದ ಮುಂಗಾಲಿನ ಮೊಣಕೈ, ಹೆಗಲ ಅಗಲ, ನೆಲದಿಂದ ತಲೆ ಅಥವಾ ನಿಂತ ಕಿವಿಯ ತುದಿ. ಉದ್ದಕ್ಕೆ ಮೊದಲನೆಯದರ ಜೊತೆ ಎರಡನೆಯದರ ಅರ್ಧ, ಅಗಲಕ್ಕೆ ಹೆಗಲಿನ ಎರಡರಷ್ಟು, ಎತ್ತರಕ್ಕೆ ತಲೆಯ ಎತ್ತರ ಮತ್ತು ಹಾಸಿಗೆಯ ದಪ್ಪ. 20 ಕಿಲೋದ ನಾಟಿ ನಾಯಿಯೊಂದು 72, 32, 20, 62 ಸೆಂಟಿಮೀಟರ್ ಬಂದರೆ ಪೆಟ್ಟಿಗೆಯ ಒಳಗೆ 88 ಉದ್ದ, 40 ಅಗಲ, 65ರ ಆಸುಪಾಸು ಎತ್ತರ ಬೇಕು. ಅಂಗಡಿಯವರು ಹೇಳುವುದು ಹೊರಗಿನ ಅಳತೆ, ಅಲ್ಲೇ ಮೋಸಹೋಗುವುದು. ಹೊರಗೆ 91 ಇರುವ ಪೆಟ್ಟಿಗೆಯಲ್ಲಿ ಒಳಗೆ 88 ಸಿಗುವುದು ಅನುಮಾನ, ಮುಂದಿನ ಸೈಜಿಗೇ ಹೋಗಬೇಕಾಗುತ್ತದೆ. ಕಾರ್ಗೋದವರು ಗಾತ್ರದ ತೂಕ ನೋಡುತ್ತಾರೆ: ಉದ್ದ, ಅಗಲ, ಎತ್ತರ ಗುಣಿಸಿ 6000ದಿಂದ ಭಾಗಿಸುವುದು. 91, 61, 66ರ ಪೆಟ್ಟಿಗೆ 61 ಕಿಲೋ. 102, 69, 76ರದ್ದು 89 ಕಿಲೋ. ನಾಯಿ ಅದೇ 20 ಕಿಲೋ, ಬಿಲ್ಲು ಮಾತ್ರ 28 ಕಿಲೋ ಜಾಸ್ತಿ. ಹಾಗೆಂದು ಚಿಕ್ಕದರಲ್ಲಿ ತುರುಕಿದರೆ ಕೌಂಟರಿನಲ್ಲೇ ವಾಪಸು ಕಳಿಸುತ್ತಾರೆ.

ನಾಲ್ಕೂ ಕಡೆ ಗಾಳಿಕಿಂಡಿ ಇರಬೇಕು. ಪ್ಲಾಸ್ಟಿಕ್ ಕ್ಲಿಪ್ ತೆಗೆದು ಕಬ್ಬಿಣದ ನಟ್ಟು ಬೋಲ್ಟು ಹಾಕಿ, ಚಕ್ರಗಳಿದ್ದರೆ ಕಳಚಿ. ನೀರಿನ ಬಟ್ಟಲು ಬಾಗಿಲಿಗೆ ಸಿಕ್ಕಿಸಿದ್ದು, ಹೊರಗಿನಿಂದಲೇ ತುಂಬಿಸುವಂತಿರಲಿ. ಹಿಂದಿನ ರಾತ್ರಿ ಆ ಬಟ್ಟಲಲ್ಲಿ ನೀರು ಹೆಪ್ಪುಗಟ್ಟಿಸಿಟ್ಟರೆ ಎತ್ತಿಳಿಸುವಾಗ ಚೆಲ್ಲುವುದಿಲ್ಲ. ಪೆಟ್ಟಿಗೆಯನ್ನು ಎರಡು ತಿಂಗಳು ಮೊದಲೇ ತಂದು ಜಗಲಿಯಲ್ಲಿಟ್ಟು, ಅನ್ನ ಅದರೊಳಗೇ ಹಾಕಿ. ಬಾಗಿಲು ಹಾಕುವುದು ಆಮೇಲಿನ ಮಾತು.

ಕೊನೆಯ ಹತ್ತು ದಿನ ಬಿಗಿಯಾದವು. ಐರೋಪ್ಯ ಆರೋಗ್ಯ ಪ್ರಮಾಣಪತ್ರ ಸಹಿಯಾದ ಹತ್ತು ದಿನದೊಳಗೆ ನಾಯಿ ಅಲ್ಲಿ ಇಳಿದಿರಬೇಕು. ಅದನ್ನು ಕೊಡುವುದು ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿ. ಗೋವಾದ ವಿಮಾನ ನಿಲ್ದಾಣ ಕಾರವಾರಕ್ಕೆ ಹತ್ತಿರವಾದರೂ ಕಚೇರಿ ಇರುವುದು ಬೆಂಗಳೂರು, ಮುಂಬೈಯಂಥ ಊರುಗಳಲ್ಲಿ. ನಾಯಿಯನ್ನೇ ಅಲ್ಲಿಗೆ ಒಯ್ದು ತೋರಿಸಬೇಕು. ರೈಲಿನಲ್ಲಾದರೆ ಫಸ್ಟ್ ಎಸಿಯ ಇಡೀ ಕೂಪೆ ಬುಕ್ ಮಾಡಬೇಕು, ಇಲ್ಲದಿದ್ದರೆ ಗಾರ್ಡ್ ವ್ಯಾನಿನ ನಾಯಿಪೆಟ್ಟಿಗೆ. ಕಾರೇ ಒಳ್ಳೆಯದು. ಶಿರಸಿಯವರು ಹಾವೇರಿ ದಾರಿ ಹಿಡಿದರೆ ಸುಮಾರು 400 ಕಿಲೋಮೀಟರ್, ಘಟ್ಟವಿಲ್ಲ. ಕಾರವಾರ, ಅಂಕೋಲಾದವರು ಅರಬೈಲ್ ಘಟ್ಟ ಹತ್ತಬೇಕು. ತಿರುವಿನಲ್ಲಿ ನಾಯಿ ವಾಂತಿ ಮಾಡುವುದು ಸಾಮಾನ್ಯ, ಹೊಟ್ಟೆ ಖಾಲಿಯಿರಲಿ. ಜೂನ್‌ನಿಂದ ಆಗಸ್ಟ್ ಆದರೆ ಎರಡು ದಿನ ಮೊದಲೇ ಬೆಂಗಳೂರು ಸೇರಿ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಎಷ್ಟು ಕಾಲ ಮುಚ್ಚಿತ್ತೆಂಬುದು ಕರಾವಳಿಯವರಿಗೆ ನೆನಪಿದೆ.

ಹೊರಡುವ ದಿನ ವಿಮಾನಕ್ಕೆ ನಾಲ್ಕೈದು ತಾಸು ಮೊದಲು ಸ್ವಲ್ಪ ಊಟ, ನೀರು ಕೊನೆಯ ತನಕ. ನಿದ್ದೆ ಮಾತ್ರೆ ಕೊಡಲೇಬೇಡಿ. ರಕ್ತದೊತ್ತಡ ಇಳಿಯುತ್ತದೆ, ವಿಮಾನ ಹಾರುವಾಗ ಉಸಿರಿಗೆ ತೊಂದರೆಯಾದರೆ ನೋಡುವವರಿಲ್ಲ. ಮಂಪರಿನ ನಾಯಿಯನ್ನು ವಿಮಾನದವರೂ ಹತ್ತಿಸಿಕೊಳ್ಳುವುದಿಲ್ಲ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಯನ್ನು ಹಲವು ಕಂಪನಿಗಳು ಒಯ್ಯುವುದೇ ಇಲ್ಲ. ದಾರಿಗೆಂದು ಮಾಂಸದ ತಿಂಡಿ, ಹಾಲಿನ ಪದಾರ್ಥ ಕಟ್ಟಿಕೊಡಬೇಡಿ, ಅವನ್ನು ಒಕ್ಕೂಟದೊಳಗೆ ಬಿಡುವುದಿಲ್ಲ.

ಎಲ್ಲ ದೇಶಕ್ಕೂ ಇದೇ ಲೆಕ್ಕವಲ್ಲ. ಬ್ರಿಟನ್‌ಗೆ ನಾಯಿ ಇಳಿಯುವ ಒಂದರಿಂದ ಐದು ದಿನ ಮೊದಲು ಲಾಡಿಹುಳದ ಔಷಧಿ ಬೇಕು. ಅಮೆರಿಕಕ್ಕೆ 2024ರ ಆಗಸ್ಟ್‌ನಿಂದ ಆರು ತಿಂಗಳಿಗಿಂತ ಚಿಕ್ಕ ನಾಯಿಗೆ ಪ್ರವೇಶವಿಲ್ಲ. ಆಸ್ಟ್ರೇಲಿಯಾಕ್ಕೆ ಭಾರತದಿಂದ ನೇರವಾಗಿ ಒಯ್ಯುವಂತೆಯೇ ಇಲ್ಲ.

ಜರ್ಮನಿಗೆ ಯಜಮಾನರು ಮೊದಲು ಹೋಗಿಬಿಟ್ಟರೆ ಇನ್ನೊಂದು ಗಂಟು. ಯಜಮಾನರ ಪ್ರಯಾಣಕ್ಕೂ ನಾಯಿಯ ಪ್ರಯಾಣಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಅದನ್ನು ವ್ಯಾಪಾರದ ಸಾಗಣೆಯೆಂದೇ ಲೆಕ್ಕ ಹಾಕುತ್ತಾರೆ, ಅದರ ಕಾಗದವೇ ಬೇರೆ. ರಜೆಗೆ ಬಂದು ಕರೆದುಕೊಂಡು ಹೋಗುವುದೇ ಸಲೀಸು. ಹತ್ತು ಹನ್ನೆರಡು ವರ್ಷದ, ತೋಟ ಬಿಟ್ಟು ಬೇರೆ ಕಾಣದ ನಾಯಿಯಾದರೆ ಅಪ್ಪ ಅಮ್ಮನ ಹತ್ತಿರವೇ ಇರಲಿ ಎನ್ನುವುದು ನಮ್ಮ ಅಭಿಪ್ರಾಯ. ಒಯ್ದವರು ಊರು ಸೇರಿದ ಮೇಲೆ ನಗರಸಭೆಯಲ್ಲಿ ನಾಯಿಯನ್ನು ನೋಂದಾಯಿಸಿ ತೆರಿಗೆ ಕಟ್ಟಬೇಕು. ಬರ್ಲಿನ್‌ನಲ್ಲಿ ಮೊದಲ ನಾಯಿಗೆ ಅದು ವರ್ಷಕ್ಕೆ 120 ಯೂರೋ.